ಇಪ್ಪತ್ನಾಲ್ಕು ಟೈಲ್ಸಿನ ಗೋಡೆ

ಗೋವಾದ ಪರ್ವರಿಯಲ್ಲಿ ನಾನಿರುವ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಗೋಡೆಗೆ ಮಾತ್ರ ಬಿಳಿ ಟೈಲ್ಸ್ ಇದೆ. ಹೊಸದಾಗಿ ಬಂದವರು ಅದನ್ನು ನೋಡಿ, ಹಿಂದೆ ಇಲ್ಲಿ ಬಚ್ಚಲು ಇತ್ತೇ ಎಂದು ಕೇಳುತ್ತಾರೆ. ನಾನು ಟೈಲ್ಸ್ ಹಾಕುವ ಕೆಲಸದವನು ಎಂದು ಗೊತ್ತಿದ್ದವರು, ಎಲ್ಲೋ ಉಳಿದ ಮಾಲು ತಂದು ಹಚ್ಚಿದ್ದಾನೆ ಎಂದುಕೊಳ್ಳುತ್ತಾರೆ. ಅದು ಸುಳ್ಳೇನೂ ಅಲ್ಲ. ಒಂದು ಹಳೆಯ ಹೋಟೆಲಿನ ಅಡುಗೆಮನೆ ಕೆಡವಿದಾಗ, ಮೂಲೆಯಲ್ಲಿ ಒಡೆಯದೆ ಇಟ್ಟಿದ್ದ ನಾಲ್ಕಿಂಚಿನ ಟೈಲ್ಸ್ ಪೆಟ್ಟಿಗೆಗಳು ಸಿಕ್ಕವು. ಈ ಅಳತೆ ಈಗ ಯಾರಿಗೂ ಬೇಡ, ಎತ್ತಿಕೊಂಡು ಹೋಗು ಎಂದು ಮಾಲೀಕರೇ ಹೇಳಿದರು. ಅಡ್ಡಕ್ಕೆ ಇಪ್ಪತ್ನಾಲ್ಕು, ಎತ್ತರಕ್ಕೆ ಹನ್ನೆರಡು. ಒಟ್ಟು ಇನ್ನೂರ ಎಂಬತ್ತೆಂಟು ಟೈಲ್ಸ್. ಅವನ್ನು ನನ್ನ ಹೆಂಡತಿಗಾಗಿ ಹಚ್ಚಿದೆ. ಅವಳು ಆ ಗೋಡೆಯ ಮೇಲೆ ಒಂಬತ್ತು ವರ್ಷ ಗಣಿತ ಕಲಿಸಿದಳು.

ಅವಳು ನನ್ನ ಸೋದರಮಾವನ ಮಗಳು. ನಮ್ಮ ಕಡೆ, ವಿಜಯಪುರದ ಸುತ್ತ, ಅಂಥ ಸಂಬಂಧ ಮೊದಲೇ ಮಾತಾಗಿರುತ್ತದೆ. ನಾನು ಹತ್ತನೆಯ ತರಗತಿ ಮುಗಿಸಿ ಗೋವಾಕ್ಕೆ ಬಂದವನು. ಅವಳು ಬಿ.ಎಸ್ಸಿ. ಓದಿದವಳು. ಮದುವೆಯಲ್ಲಿ ಅವಳ ಗೆಳತಿಯರು ನನ್ನ ಕೈ ನೋಡಿ ಏನೋ ಪಿಸುಗುಟ್ಟಿ ನಕ್ಕಿದ್ದರು. ಸಿಮೆಂಟಿನಿಂದ ಬೆರಳ ತುದಿಗಳು ಒಡೆದಿದ್ದವು. ಅದೇನು ಅಂದರು ಎಂದು ಎಷ್ಟೋ ವರ್ಷಗಳ ಮೇಲೆ ಕೇಳಿದೆ. ನೆನಪಿಲ್ಲ ಎಂದಳು. ನೆನಪಿತ್ತು ಎಂದು ನನಗೆ ಗೊತ್ತು.

ಇಲ್ಲಿ ಅವಳಿಗೆ ಶಾಲೆಯ ಕೆಲಸ ಸಿಗಲಿಲ್ಲ. ಬಿ.ಎಡ್. ಇರಲಿಲ್ಲ, ಕೊಂಕಣಿಯೂ ಬರುತ್ತಿರಲಿಲ್ಲ. ನಮಗೆ ಮಕ್ಕಳೂ ಆಗಲಿಲ್ಲ. ನಮ್ಮ ಓಣಿಯಲ್ಲಿ ಗಾರೆ ಕೆಲಸದ ಗೌಂಡಿಗಳು, ಟೆಂಪೊ ಓಡಿಸುವವರು, ಮನೆಗೆಲಸಕ್ಕೆ ಹೋಗುವ ಹೆಂಗಸರು ಇದ್ದರು, ಎಲ್ಲರೂ ನಮ್ಮ ಕಡೆಯವರೇ. ಅವರ ಮಕ್ಕಳು ಹನ್ನೊಂದು, ಹನ್ನೆರಡನೆಯ ತರಗತಿಗೆ ಬಂದಾಗ ಗಣಿತ ಹೇಳಿಕೊಡುವವರು ಯಾರೂ ಇರಲಿಲ್ಲ. ಹಾಗೆ ಅವಳ ಟ್ಯೂಷನ್ ಶುರುವಾಯಿತು. ಮಕ್ಕಳು ಅವಳನ್ನು ‘ಅಕ್ಕಾರು’ ಎಂದು ಕರೆಯುತ್ತಿದ್ದರು.

ತ್ರಿಕೋನಮಿತಿಯ ಗ್ರಾಫ್ ಬರುವ ಪಾಠದಲ್ಲಿ ಪ್ರತಿ ವರ್ಷ ಅವಳಿಗೆ ಕಷ್ಟ. ಕಪ್ಪುಹಲಗೆಯ ಮೇಲೆ ಚೌಕ ಗೆರೆ ಎಳೆಯುವುದರಲ್ಲೇ ಅರ್ಧ ಗಂಟೆ ಹೋಗುತ್ತಿತ್ತು, ಒರೆಸಿದರೆ ಚೌಕವೂ ಹೋಗುತ್ತಿತ್ತು. ಒಂದು ಸಂಜೆ ನಾನು ಊಟಕ್ಕೆ ಕುಳಿತಾಗ ಅವಳು ಹೇಳಿದಳು:

“ನೀವು ಊರಾಗಿನ ಬಚ್ಚಲಕ್ಕೆಲ್ಲ ಚೌಕ ಹಾಕಿ ಬರ್ತೀರಿ. ನನಗೊಂದು ಗೋಡಿ ಹಾಕಿ ಕೊಡ್ರಲ್ಲ.”

ಮನೆಯೊಡತಿ ಮೇಲಿನ ಮಹಡಿಯಲ್ಲಿರುವ ಮುದುಕಿ. ಗೋಡೆ ಕೆಡಿಸಬಾರದು, ಬಿಡುವಾಗ ಹಾಗೇ ಬಿಟ್ಟು ಹೋಗಬೇಕು ಎಂಬ ಕರಾರಿನ ಮೇಲೆ ಒಪ್ಪಿದಳು. ಒಂದು ಭಾನುವಾರ ಕೆಲಸ ಹಿಡಿದೆ. ಹೆಂಡತಿ ಪೇಟೆಗೆ ಹೋಗಿದ್ದಳು. ನಮ್ಮ ಕೆಲಸದಲ್ಲಿ ಮೂಲೆಯಿಂದ ಶುರು ಮಾಡುವವನು ಕಲಿಯದವನು. ಗೋಡೆಯ ನಡು ಹಿಡಿದು, ನೀಲಿ ಪುಡಿ ಹಚ್ಚಿದ ದಾರ ಬಿಗಿದು ಮೀಟಿ ಗೆರೆ ಮಾಡಿ, ಅಲ್ಲಿಂದ ಎರಡೂ ಕಡೆ ಹೋಗಬೇಕು. ಆಗ ಎರಡೂ ತುದಿಗೆ ಕತ್ತರಿಸಿದ ತುಂಡು ಸಮ ಬರುತ್ತದೆ. ನಾನು ಹಾಗೇ ನಡು ಹಿಡಿದೆ. ಆದರೆ ಬಚ್ಚಲಲ್ಲಿ ಚೆಂದ ಕಾಣುತ್ತದೆ ಎಂದು ನಡು ಗೆರೆಯ ಮೇಲೆ ಒಂದು ಇಡೀ ಟೈಲ್ ಕೂರಿಸುವ ರೂಢಿ. ಕೈ ಅದನ್ನೇ ಮಾಡಿತು. ಅವಳು ಬಂದು ಚೀಲ ಕೆಳಗಿಡದೆ ನೋಡುತ್ತಾ ನಿಂತಳು.

“ನಡುವ ಯಾವುದು?”

ನಾನು ಟೈಲ್ ತೋರಿಸಿದೆ.

“ಸೊನ್ನಿ ಟೈಲ್ಸಿನ ಹೊಟ್ಟ್ಯಾಗ ಕುಂತೈತಲ್ರಿ. ನನಗ ಸೊನ್ನಿ ಗೆರಿ ಮ್ಯಾಲ ಬೇಕು.”

ಮೂರು ಸಾಲು ಆಗಿತ್ತು. ಸಿಮೆಂಟ್ ಇನ್ನೂ ಹಸಿ ಇತ್ತು. ಎಲ್ಲ ಕಿತ್ತು, ತೊಳೆದು, ಮತ್ತೆ ಹಚ್ಚಿದೆ. ಈ ಸಲ ನಡು ಗೆರೆಯ ಮೇಲೆ ಜಾಯಿಂಟ್ ಬಂತು. ಜಾಯಿಂಟ್ ಎಂದರೆ ಎರಡು ಟೈಲ್ಸ್ ನಡುವೆ ಬಿಟ್ಟು ವೈಟ್ ಸಿಮೆಂಟ್ ತುಂಬುವ ಸಂದು. ಗೋಡೆ ತುಂಬ ಆ ಸಂದುಗಳೇ ಅವಳಿಗೆ ಬೇಕಾದ ಚೌಕ ಗೆರೆಗಳಾದವು. ಮಾರ್ಕರಿನಿಂದ ಬರೆದು ಬಟ್ಟೆಯಿಂದ ಒರೆಸಿದರೆ ಬರೆದದ್ದು ಹೋಗುತ್ತಿತ್ತು, ಚೌಕ ಉಳಿಯುತ್ತಿತ್ತು.

ಅಡ್ಡಕ್ಕೆ ಒಂದು ಟೈಲ್ ಎಂದರೆ ಮೂವತ್ತು ಡಿಗ್ರಿ, ಎತ್ತರಕ್ಕೆ ಎರಡು ಟೈಲ್ ಎಂದರೆ ಒಂದು. ಅದು ಅವಳ ಲೆಕ್ಕ. ಆರು ಟೈಲ್ಸಿಗೆ ಪೈ. ಅದನ್ನು ನನಗೆ ವಿವರಿಸುವಾಗ, ಖರೇ ಅಳತೆ ಹಿಡಿದರೆ ಪೈಗೆ ಆರು ಟೈಲ್ ಸಾಲದು, ಇನ್ನೂ ಕಾಲು ಟೈಲ್ ಬೇಕು, ನಾವು ಮಕ್ಕಳಿಗೆ ಅಷ್ಟು ಸುಳ್ಳು ಹೇಳುತ್ತಿದ್ದೇವೆ ಎಂದಳು. ಮೊದಲೇ ಹೇಳಿದ್ದರೆ ಜಾಯಿಂಟ್ ಸ್ವಲ್ಪ ದಪ್ಪ ಬಿಡುತ್ತಿದ್ದೆ, ಅದೂ ಹೊಂದುತ್ತಿತ್ತು ಎಂದೆ. ಅವಳು ನನ್ನನ್ನೇ ನೋಡಿ, “ನೀವು ಇಂಜಿನೇರ ಆಗಬೇಕಾಗಿತ್ತು” ಎಂದಳು. ತಮಾಷೆಗೆ ಎಂದಳೋ ಏನೋ. ನಾನು ಅದನ್ನು ತಮಾಷೆ ಎಂದು ಇಟ್ಟುಕೊಂಡಿಲ್ಲ.

ಅವಳು ಪಾಠ ಮಾಡುವಾಗ ನಾನು ಕೆಲಸದಿಂದ ಬಂದು ಒಳಗಿನ ಕೋಣೆಯಲ್ಲಿ ಚಹಾ ಕುಡಿಯುತ್ತಾ ಕೇಳುತ್ತಿದ್ದೆ. ಅರ್ಧ ತಿಳಿಯುತ್ತಿತ್ತು. ಒಮ್ಮೆ ಅವಳು ಮಕ್ಕಳನ್ನು ನಾನು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೇ ಕರೆದುಕೊಂಡು ಬಂದುಬಿಟ್ಟಳು. ಕೆಳಗೆ ಕಾಂಕ್ರೀಟ್ ಕಲಸುವ ಮಿಕ್ಸರ್ ತಿರುಗುತ್ತಿತ್ತು. ಅದರ ಬಾಯಿಯ ಅಂಚಿಗೆ ಒಂದು ಕಡೆ ಸುಣ್ಣ ಹಚ್ಚಿಸಿದಳು. ನನ್ನ ಬಳಿಯಿದ್ದ, ಮಟ್ಟ ಹಿಡಿಯುವ ನೀರಿನ ಲೆವೆಲ್ ಪೈಪು ತೆಗೆದುಕೊಂಡು, ಮಿಕ್ಸರಿನ ನಡುಮಟ್ಟಕ್ಕೆ ಹಿಂದಿನ ಗೋಡೆಯ ಮೇಲೆ ಗೆರೆ ಎಳೆಸಿದಳು. ಆ ಗೆರೆಯೇ ಸೊನ್ನೆ. ಸುಣ್ಣದ ಗುರುತು ಗೆರೆಯಿಂದ ಎಷ್ಟು ಮೇಲೆ ಹೋಯಿತು, ಎಷ್ಟು ಕೆಳಗೆ ಬಂತು, ಅಷ್ಟನ್ನೇ ಬರೆಯುತ್ತಾ ಹೋಗಿ, ಅದೇ ಸೈನ್ ಎಂದಳು. ಮಿಕ್ಸರ್ ನಡೆಸುವವನು ಹಲ್ಲು ಕಿರಿಯುತ್ತಾ ನಿಂತಿದ್ದ. ಕೆಲಸದ ಜಾಗದಲ್ಲಿ ಹೆಂಡತಿ ಹೀಗೆ ಗಟ್ಟಿಯಾಗಿ ಮಾತಾಡುವುದು ನನಗೆ ನಾಚಿಕೆಯಾಗಿ, ನಾನು ಮೂರನೆಯ ಮಹಡಿಗೆ ಹತ್ತಿ ಹೋದೆ. ಅಲ್ಲಿಂದ ಅವಳ ಧ್ವನಿ ಕೇಳುತ್ತಿತ್ತು. ಕೊನೆಗೆ ಏನು ಹೇಳಿದಳು ಎಂದು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಅಂದು ಕೆಳಗೇ ನಿಲ್ಲಬೇಕಿತ್ತು.

ಅವಳದು ಒಂದು ನಿಯಮ ಇತ್ತು. ತಪ್ಪು ಗೆರೆಯನ್ನು ಗೋಡೆಯ ಮೇಲೆ ಒಂದು ನಿಮಿಷವೂ ಬಿಡಬಾರದು, ಕಣ್ಣು ಅದನ್ನೇ ಕಲಿತುಬಿಡುತ್ತದೆ. ತಪ್ಪು ಎಂದು ತಿಳಿದ ಕೂಡಲೇ ಒರೆಸಬೇಕು. ಬಟ್ಟೆ ಹುಡುಕುವಷ್ಟೂ ತಡ ಮಾಡಬಾರದು. ಹಾಗಾಗಿ ಅವಳ ಬಳಿ ಕಲಿಯುವ ಮಕ್ಕಳೆಲ್ಲ ಅಂಗೈಯಿಂದಲೋ ಹೆಗಲ ಮೇಲಿನ ಓಢಣಿಯಿಂದಲೋ ಒರೆಸುತ್ತಿದ್ದರು. ಓಣಿಯ ತಾಯಂದಿರು ಓಢಣಿಯ ನೀಲಿ ಕಲೆ ನೋಡಿ ಬೈಯುತ್ತಿದ್ದರು.

ಗೋಡೆಯ ಬಗ್ಗೆ ಅವಳದು ಒಂದೇ ದೂರು. ಟೈಲ್ ಮೇಲಿನದು ಹೋಗುತ್ತಿತ್ತು, ಆದರೆ ಜಾಯಿಂಟಿನ ಸಿಮೆಂಟ್ ಮಸಿಯನ್ನು ಕುಡಿದುಬಿಡುತ್ತಿತ್ತು. ವರ್ಷ ಮುಗಿಯುವ ಹೊತ್ತಿಗೆ ಸಂದುಗಳೆಲ್ಲ ಬೂದುಬಣ್ಣಕ್ಕೆ ತಿರುಗಿ ಚೌಕ ಮಸಕಾಗುತ್ತಿತ್ತು. ಪ್ರತಿ ಮೇ ತಿಂಗಳ ರಜೆಯಲ್ಲಿ ನಾನು ಹಳೆಯ ಸಿಮೆಂಟ್ ಕೆರೆದು ಹೊಸದು ತುಂಬುತ್ತಿದ್ದೆ. ಅವಳಿಗೆ ಕಾಯಿಲೆ ಬಂದ ವರ್ಷ ಮೇ ತಿಂಗಳೆಲ್ಲ ದೊಡ್ಡ ಆಸ್ಪತ್ರೆಯಲ್ಲಿ ಕಳೆಯಿತು. ಎದೆಯ ಗಂಟು, ಆಮೇಲೆ ಅದು ಎಲುಬಿಗೆ ಇಳಿಯಿತು. ಮನೆಗೆ ಬಂದಾಗ ಮಕ್ಕಳು ಬರುತ್ತಿದ್ದರು. ಕುಳಿತೇ ಪಾಠ ಮಾಡುತ್ತಿದ್ದಳು. ಜನವರಿಯಲ್ಲಿ ಸ್ವಲ್ಪ ಹುಷಾರಾದಂತೆ ಕಂಡಾಗ, ಅವಳು ಖುಷಿಪಡಲಿ ಎಂದು ಎರಡು ದಿನ ರಜೆ ಹಾಕಿ ಇಡೀ ಗೋಡೆಯ ಜಾಯಿಂಟ್ ಕೆರೆದು ತುಂಬಿದೆ. ಗೋಡೆ ಹೊಸದರಂತೆ ಆಯಿತು. ಅವಳು ಮಂಚದ ಮೇಲಿಂದಲೇ ನೋಡಿ, ಬರೆಯಲು ಮನಸ್ಸು ಬರುವುದಿಲ್ಲ, ಅಷ್ಟು ಸ್ವಚ್ಛ ಆಗಿದೆ ಎಂದಳು.

ಮಾರನೆಯ ದಿನ ಬರೆದಳು. ಮಕ್ಕಳು ಬರುವ ಮೊದಲೇ ಎದ್ದು, ಎಡತುದಿಯಿಂದ ನೀಲಿ ಮಾರ್ಕರಿನಲ್ಲಿ ಸೈನ್ ಎಕ್ಸ್ ಎಳೆಯತೊಡಗಿದಳು. ಗೆರೆ ಮೇಲೆ ಹತ್ತಿತು, ಇಳಿಯಿತು, ಸೊನ್ನೆಯ ಕೆಳಗೆ ಹೋಯಿತು, ಮತ್ತೆ ನಡುವಿನ ಸೊನ್ನೆಗೆ ಬಂತು. ಅಲ್ಲಿಂದ ಬಲಕ್ಕೆ ಮೂರು ಟೈಲ್ ಹೋಗಿ ಅಲೆಯ ತುದಿ ಮುಟ್ಟಿದಳು. ಅಲ್ಲಿಗೆ ಕೈ ಸೋತು ಕೂತಳು. ಉಳಿದದ್ದನ್ನು ನಾಳೆ ಎಳೆಯುತ್ತೇನೆ ಎಂದಳು. ರಾತ್ರಿಗೆ ಜ್ವರ ಬಂತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಮನೆಗೆ ಬರಲಿಲ್ಲ.

ಆ ಗೆರೆಯನ್ನು ನಾನು ಒರೆಸಲಿಲ್ಲ. ಬಣ್ಣ ಬಳಿಯುವವರು ನೆಲಕ್ಕೆ ಹಾಸುವ ತೆಳು ಪ್ಲಾಸ್ಟಿಕ್ ತಂದು, ಗೋಡೆಯ ಉದ್ದಕ್ಕೂ ಇಳಿಬಿಟ್ಟು ಅಂಚಿಗೆ ಟೇಪ್ ಅಂಟಿಸಿದೆ. ಕೆಲಸದಿಂದ ಬಂದರೆ ಪ್ಲಾಸ್ಟಿಕ್ಕಿನ ಹಿಂದೆ ಅದು ಕಾಣುತ್ತಿತ್ತು. ಮಕ್ಕಳು ಬೇರೆ ಕಡೆ ಟ್ಯೂಷನ್‌ಗೆ ಹೋದರು. ನಾನೇ ಹೋಗಿ ಎಂದೆ.

ಮೇ ತಿಂಗಳಲ್ಲಿ ಒಂದು ಸಂಜೆ ಹಿಂದಿನ ಓಣಿಯ ಟೆಂಪೊ ಚಾಲಕನ ಹೆಂಡತಿ ತನ್ನ ಮಗಳನ್ನು ಕರೆದುಕೊಂಡು ಬಂದಳು. ಅವರೂ ನಮ್ಮ ಕಡೆಯವರೇ, ಸಿಂದಗಿ ಹತ್ತಿರದ ಮುಸಲ್ಮಾನರು. ಈ ಹುಡುಗಿ ನನ್ನ ಹೆಂಡತಿಯ ಹತ್ತಿರ ಕಲಿಯುತ್ತಿದ್ದವಳೇ. ಹನ್ನೊಂದನೆಯ ತರಗತಿಯಲ್ಲಿ ಗಣಿತ ಒಂದರಲ್ಲೇ ಫೇಲಾಗಿದ್ದಳು. ಮಳೆ ಹಿಡಿಯುವ ಮೊದಲು ಇನ್ನೊಂದು ಸಲ ಪರೀಕ್ಷೆ. ಅದರಲ್ಲೂ ಹೋದರೆ ಓದು ಸಾಕು ಎಂದು ತಂದೆ ಹೇಳಿಯಾಗಿತ್ತು. ಹುಡುಗಿಯ ಅಕ್ಕ ಕುಂಡಯಿಯ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳು. ಅದೇ ವ್ಯಾನಿನಲ್ಲಿ ಇವಳಿಗೂ ಒಂದು ಸೀಟು ಕೇಳಿಟ್ಟಿದ್ದರು. ಹುಡುಗಿಗೆ ಮಾತ್ರ ಬಿ.ಎಸ್ಸಿ. ಮಾಡಿ ನನ್ನ ಹೆಂಡತಿಯ ಹಾಗೆ ಕಲಿಸಬೇಕು ಎಂದಿತ್ತು. ಇದನ್ನೆಲ್ಲ ತಾಯಿಯೇ ಹೇಳಿದಳು. ಹುಡುಗಿ ಪ್ಲಾಸ್ಟಿಕ್ಕಿನ ಹಿಂದಿನ ಗೆರೆಯನ್ನು ನೋಡುತ್ತಾ ನಿಂತಿದ್ದಳು.

“ನಮ್ಮ ಮನ್ಯಾಗ ಕುಂಡ್ರಾಕ ಜಾಗ ಇಲ್ರಿ ಅಣ್ಣಾ. ಆರು ಮಂದಿ ಒಂದ ಖೋಲ್ಯಾಗ. ದಿನಾ ಒಂದೆರಡು ತಾಸು ಇಲ್ಲಿ ಕುಂಡ್ರಲಿ. ನಿಮಗೇನೂ ತ್ರಾಸ ಕೊಡೂದಿಲ್ಲ,” ಎಂದಳು ತಾಯಿ.

ನಾನು ಒಪ್ಪಿದೆ. ಒಬ್ಬನೇ ಇರುವ ಗಂಡಸಿನ ಮನೆ, ಆದ್ದರಿಂದ ಬಾಗಿಲು ಪೂರ್ತಿ ತೆರೆದಿಟ್ಟು ನಾನು ಹೊರಗೆ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಮನೆಯೊಡತಿಯೂ ಮೇಲಿನ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂರತೊಡಗಿದಳು. ಮೂರು ದಿನ ಹುಡುಗಿ ವಹಿಯಲ್ಲೇ ಬರೆದಳು. ಕೋಷ್ಟಕ ಸರಿ ಬರುತ್ತಿತ್ತಂತೆ, ಗೆರೆ ಎಳೆಯಲು ಹೋದರೆ ಎಲ್ಲ ಕಲಸಿಹೋಗುತ್ತಿತ್ತಂತೆ. ನಾಲ್ಕನೆಯ ದಿನ ಬಾಗಿಲ ತನಕ ಬಂದು ನಿಂತಳು.

“ಕಾಕಾ, ಗೋಡಿ ಮ್ಯಾಲ ಬರದ್ರ ನನಗ ತಿಳೀತಿತ್ರಿ.”

ನಾನು ಪ್ಲಾಸ್ಟಿಕ್ಕಿನ ಕಡೆ ನೋಡಿದೆ. ಹುಡುಗಿ ಮತ್ತೆ ಕೇಳಲಿಲ್ಲ, ಒಳಗೆ ಹೋಗಿ ಕೂತಳು. ಹಾಗೆ ಕೇಳದೆ ಇದ್ದದ್ದೇ ನನ್ನನ್ನು ಎಬ್ಬಿಸಿತು. ಪ್ಲಾಸ್ಟಿಕ್ಕಿನ ಬಲ ಅರ್ಧದ ಟೇಪ್ ಬಿಡಿಸಿ ಎಡಕ್ಕೆ ಮಡಚಿದೆ. ಬಲಗಡೆ ಹನ್ನೆರಡು ಟೈಲ್ ಬರೆಯಲು ಸಿಕ್ಕವು. ಅದರಲ್ಲಿ ಮೊದಲ ಮೂರರ ಮೇಲೆ ಹೆಂಡತಿಯ ನೀಲಿ ಗೆರೆ ಇತ್ತು. ಅಲ್ಲಿ ಮಾತ್ರ ಕೈ ತಾಗಿಸಬೇಡ ಎಂದೆ.

“ಎಲ್ಲಾ ಗೆರಿನೂ ಸೊನ್ನಿಯಿಂದನ ಚಾಲೂ ಆಗತಾವಲ್ರಿ ಕಾಕಾ,” ಎಂದಳು ಹುಡುಗಿ ಮೆಲ್ಲಗೆ.

ಅದು ಹೌದಾಗಿತ್ತು. ಹಾಗಾದರೆ ಕೆಂಪಿನಲ್ಲಿ ಬರೆ, ನೀಲಿಯ ಮೇಲೆ ಹಾಯ್ದು ಹೋದರೆ ಹೋಗಲಿ, ಒರೆಸಬೇಡ ಎಂದೆ.

ಮೊದಲು ಟು ಸೈನ್ ಎಕ್ಸ್ ಬರೆದಳು. ಗೆರೆ ಎರಡು ಪಟ್ಟು ಎತ್ತರ ಹೋಯಿತು. ಸರಿಯಾಗಿತ್ತು. ಆಮೇಲೆ ಸೈನ್ ಟು ಎಕ್ಸ್ ಬಂತು. ಎರಡು ಒಳಗೆ ಬಂದರೆ ಏನಾಗುತ್ತದೆ ಎಂದು ಅವಳಿಗೆ ಹೊಳೆಯಲಿಲ್ಲ. ನನ್ನನ್ನು ಕೇಳಿದಳು. ಎಷ್ಟೋ ವರ್ಷ ಪಕ್ಕದ ಕೋಣೆಯಲ್ಲಿ ಕೂತು ಕೇಳಿದವನು ಎಂದು ಕೇಳಿರಬೇಕು. ನನಗೂ ಗೊತ್ತಿಲ್ಲ ಎನ್ನಬಹುದಿತ್ತು. ಅವಳು ಹಾಗೆ ಭರವಸೆಯಿಂದ ನಿಂತದ್ದಕ್ಕೋ ಏನೋ, ನಾನು ಮೆಟ್ಟಿಲ ಮೇಲಿಂದಲೇ ಮೇಸ್ತ್ರಿಯ ಹಾಗೆ ಉತ್ತರ ಕೊಟ್ಟೆ.

“ಮಾಲು ಎರಡು ಪಟ್ಟ ಆದ್ರ ಜಾಗಾ ಎರಡು ಪಟ್ಟ ಬೇಕಲ್ಲವಾ. ಅಗಲ ಆಗತೈತಿ. ಎರಡರಷ್ಟು ಅಗಲ ಎಳಿ.”

ನಮ್ಮ ಕೆಲಸದಲ್ಲಿ ಅದು ಯಾವತ್ತೂ ತಪ್ಪಿದ್ದಲ್ಲ. ಹುಡುಗಿ ನಂಬಿ ಎಳೆದಳು. ಸೊನ್ನೆಯಿಂದ ಹೊರಟು ಆರು ಟೈಲ್ ದೂರದಲ್ಲಿ ತುದಿ ಮುಟ್ಟಿ, ಹನ್ನೆರಡನೆಯದಕ್ಕೆ ಇಳಿಯುವ ಒಂದೇ ಒಂದು ದೊಡ್ಡ ದಿಬ್ಬ. ನೋಡಲು ಚೆಂದವಾಗಿಯೇ ಇತ್ತು. ನಾನು ತೃಪ್ತಿಯಿಂದ ಹೊರಗೆ ಕೂತೆ.

ಸ್ವಲ್ಪ ಹೊತ್ತು ಒಳಗಿನಿಂದ ವಹಿಯ ಹಾಳೆ ತಿರುಗಿಸುವ ಸದ್ದು ಬಂತು. ಅವಳು ಕೋಷ್ಟಕ ಹಾಕಿ ನೋಡುತ್ತಿದ್ದಳು. ಆಮೇಲೆ ಓಢಣಿಯಿಂದ ಟೈಲ್ ಒರೆಸುವ ಕೀರಲು ಸದ್ದು ಕೇಳಿತು. ಒಂಬತ್ತು ವರ್ಷ ಕೇಳಿದ ಸದ್ದು ಅದು. ಹಾಗಾಗಿ ಮೊದಲಿಗೆ ಏನೂ ಅನಿಸಲೇ ಇಲ್ಲ. ಬಳಿಕ ಸದ್ದು ನಿಂತಿತು.

ನಾನು ಎದ್ದು ನೋಡಿದೆ. ಕೆಂಪು ಗೆರೆ ಹೋಗಿತ್ತು. ಅದರ ಜೊತೆ ನೀಲಿಯೂ ಹೋಗಿತ್ತು. ಪ್ಲಾಸ್ಟಿಕ್ಕಿನ ಹಿಂದಿನದು ಉಳಿದಿತ್ತು. ಸೊನ್ನೆಯಿಂದ ತುದಿಯವರೆಗಿನದು, ನನ್ನ ಹೆಂಡತಿ ಕೈ ಸೋತು ಕೂರುವ ಮುಂಚೆ ಎಳೆದ ಕಡೆಯ ತುಂಡು, ಇರಲಿಲ್ಲ. ಹುಡುಗಿ ಓಢಣಿಯ ಚುಂಗನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

“ಅದು ತಪ್ಪಿತ್ರಿ ಕಾಕಾ. ಕೈ ಹೋಗಿಬಿಡ್ತು. ಅಕ್ಕಾರು ಬಿಡತಿದ್ದಿಲ್ಲ…” ಎಂದಳು.

ನನಗೆ ಸಿಟ್ಟು ಬಂತು. ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಾಗಿಲ ಚೌಕಟ್ಟು ಹಿಡಿದು ನಿಂತೆ. ಆ ಸಿಟ್ಟನ್ನು ಯಾರ ಮೇಲೆ ಹಾಕುವುದು ಎಂದು ತಿಳಿಯಲಿಲ್ಲ. ತಪ್ಪು ಹೇಳಿದವನು ನಾನು. ತಪ್ಪನ್ನು ಕೂಡಲೇ ಒರೆಸು ಎಂದು ಕಲಿಸಿದವಳು ನನ್ನ ಹೆಂಡತಿ. ಹುಡುಗಿ ಇಬ್ಬರ ಮಾತನ್ನೂ ಕೇಳಿದ್ದಳು, ಅಷ್ಟೆ.

ಹೋಗಲಿ ಬಿಡು, ಮನೆಗೆ ಹೋಗು ಎಂದೆ. ಅವಳು ಹೋಗಲಿಲ್ಲ. ನೀಲಿ ಮಾರ್ಕರ್ ಎತ್ತಿಕೊಂಡಳು. ಸೊನ್ನೆಗೆ ಸೊನ್ನೆ ಎಂದು ಬಾಯಲ್ಲೇ ಹೇಳಿಕೊಂಡು ನಡುವೆ ಚುಕ್ಕೆ ಇಟ್ಟಳು. ಮೂವತ್ತಕ್ಕೆ ಅರ್ಧ, ಅಂದರೆ ಒಂದು ಟೈಲ್ ಮೇಲೆ. ಅರವತ್ತಕ್ಕೆ ಎರಡು ಟೈಲ್ಸಿಗೆ ಕಾಲು ಟೈಲ್ ಕಡಿಮೆ. ಆ ಚುಕ್ಕೆ ಇಡಲು ಜಾಯಿಂಟಿನ ಹತ್ತಿರ ಮುಖ ಒಯ್ದವಳು ಹಾಗೇ ನಿಂತಳು.

“ಕಾಕಾ, ಇಲ್ಲಿ ಬರ್ರಿ. ಇಲ್ಲಿ ಐತಿ.”

ಹೋಗಿ ಬಗ್ಗಿ ನೋಡಿದೆ. ಟೈಲ್ ಮೇಲೆ ಏನೂ ಇರಲಿಲ್ಲ. ಎರಡು ಟೈಲ್ಸ್ ನಡುವಿನ ಸಂದಿನಲ್ಲಿ, ನಾನು ಜನವರಿಯಲ್ಲಿ ತುಂಬಿದ ಬಿಳಿ ಸಿಮೆಂಟಿನೊಳಗೆ, ಎಳ್ಳಿನಷ್ಟು ನೀಲಿ ಇತ್ತು. ಹೆಂಡತಿಯ ಗೆರೆ ಆ ಸಂದನ್ನು ದಾಟಿ ಹೋದ ಜಾಗ. ಹುಡುಗಿ ಚುಕ್ಕೆ ಇಡಬೇಕೆಂದು ಲೆಕ್ಕ ಹಾಕಿದ್ದ ಜಾಗವೂ ಅದೇ. ಮುಂದಿನ ಸಂದಿನಲ್ಲಿ, ಎರಡು ಟೈಲ್ ಎತ್ತರದಲ್ಲಿ, ಗೆರೆಯ ತುದಿ. ಅಲ್ಲಿ ಗೆರೆ ಸ್ವಲ್ಪ ದೂರ ಅಡ್ಡ ಜಾಯಿಂಟಿನ ಮೇಲೇ ಹೋಗಿತ್ತು, ಮಸಿ ಹೆಚ್ಚು ಇಳಿದಿತ್ತು. ಅವಳು ಅಲ್ಲಿ ಮಾರ್ಕರನ್ನು ಒತ್ತಿ ಹಿಡಿದು ಉಸಿರು ತಗೊಂಡಿರಬೇಕು.

ಒಂಬತ್ತು ವರ್ಷ ಅವಳು ದೂರುತ್ತಿದ್ದಳು, ನಾನು ಕೆರೆಯುತ್ತಿದ್ದೆ. ವೈಟ್ ಸಿಮೆಂಟ್ ಮಸಿ ಕುಡಿಯುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಈ ನಾಲ್ಕು ತಿಂಗಳು ಅದು ನನ್ನ ತಲೆಗೆ ಬಂದಿರಲಿಲ್ಲ.

ಹುಡುಗಿ ಚುಕ್ಕೆಗಳನ್ನು ಕೂಡಿಸಿ ಗೆರೆ ಎಳೆದಳು. ನೋಡಿದೆ. ಹೆಂಡತಿ ಎಳೆದದ್ದರ ಹಾಗೇ ಇತ್ತು. ಹಾಗೇ ಇರಲೇಬೇಕಲ್ಲ, ಬೇರೆ ದಾರಿಯಲ್ಲಿ ಹೋಗಲು ಅದಕ್ಕೆ ಆಗುವುದಿಲ್ಲ. ಇಷ್ಟು ದಿನ ನಾನು ಅದನ್ನು ಅವಳ ಕೈಬರಹ ಎಂದು ಕಾಯುತ್ತಿದ್ದೆ. ಆದರೆ ಅವಳು ಬರೆಯಲು ಹೊರಟದ್ದು, ಯಾರು ಬರೆದರೂ ಹೀಗೇ ಬರಬೇಕಾದ ಈ ಗೆರೆಯನ್ನು.

ನಾನು ಪ್ಲಾಸ್ಟಿಕ್ಕಿನ ಉಳಿದ ಟೇಪನ್ನೂ ಬಿಡಿಸಿದೆ. ಬಚ್ಚಲಿಗೆ ಹೋಗಿ ಒರೆಸುವ ಬಟ್ಟೆ ಒದ್ದೆ ಮಾಡಿಕೊಂಡು ಬಂದೆ. ಹುಡುಗಿ ಬೇಡವೆಂದು ಕೈ ಅಡ್ಡ ತಂದಳು. ನೀನು ಒರೆಸಿದರೆ ನಿನ್ನ ಮನಸ್ಸಿನಲ್ಲಿ ಉಳಿದುಬಿಡುತ್ತದೆ, ನಾನೇ ಒರೆಸುತ್ತೇನೆ ಎಂದೆ. ಬಲದಿಂದ ಎಡಕ್ಕೆ ಒರೆಸಿದೆ. ತಡವಾಗಲಿಲ್ಲ, ಗೋಡೆ ದೊಡ್ಡದೇನಲ್ಲ. ಆಮೇಲೆ ಇಬ್ಬರೂ ಸಂದುಗಳಲ್ಲಿ ಹುಡುಕುತ್ತಾ ಹೋದೆವು. ಎಡತುದಿಯಿಂದ ಹೆಂಡತಿ ನಿಲ್ಲಿಸಿದ ತನಕ ಹದಿನಾರು ಚುಕ್ಕೆ ಇದ್ದವು. ಕೋಷ್ಟಕದಲ್ಲೂ ಹದಿನಾರೇ ಬರುತ್ತವೆ ಎಂದು ಹುಡುಗಿ ಹೇಳಿದಳು.

ಅಲ್ಲಿಗೆ ಸೈನ್ ಟು ಎಕ್ಸ್ ಉಳಿದಿತ್ತು. ಅದು ಅಗಲ ಆಗುವುದಿಲ್ಲ, ಕೋಷ್ಟಕ ಹಾಗೆ ಹೇಳುವುದಿಲ್ಲ, ಆದರೆ ಯಾಕೆಂದು ತಿಳಿಯುತ್ತಿಲ್ಲ ಎಂದಳು. ಹದಿನೈದು ಡಿಗ್ರಿಗೇ ಅರ್ಧ ಬರುತ್ತಿದೆ, ನಲವತ್ತೈದಕ್ಕೇ ತುದಿ ಬರುತ್ತಿದೆ ಎಂದಳು. ಆಗ ನನಗೆ ಮೂರನೆಯ ಮಹಡಿ ನೆನಪಾಯಿತು. ಕೆಳಗೆ ಮಿಕ್ಸರಿನ ಸದ್ದು, ಅದರ ಮೇಲೆ ಹೆಂಡತಿಯ ಧ್ವನಿ. ಪೂರ್ತಿ ಕೇಳಿಸಿಕೊಳ್ಳಲಿಲ್ಲ ಎಂದುಕೊಂಡಿದ್ದ ಮಾತು ಬಂತು. ಆ ದಿನ ಅವಳು ಮಿಕ್ಸರಿನವನಿಗೆ ಇದನ್ನು ಎರಡು ಪಟ್ಟು ಜೋರಾಗಿ ತಿರುಗಿಸಲು ಬರುತ್ತದೆಯೇ ಎಂದು ಕೇಳಿದ್ದಳು, ಅವನು ಮಷಿನ್ ಕೆಡುತ್ತದೆ ಅಮ್ಮಾ ಎಂದಿದ್ದ, ಎಲ್ಲರೂ ನಕ್ಕಿದ್ದರು.

“ಮಿಕ್ಸರ್ ಎರಡು ಪಟ್ಟ ಜೋರ ತಿರಗತೈತಿ ಅಂತ ತಿಳಕೋ,” ಎಂದೆ ಹುಡುಗಿಗೆ. “ಸುಣ್ಣದ ಗುರ್ತು ಮ್ಯಾಲ ಹೋಗೂದು ಅಷ್ಟ. ಆದ್ರ ಲಗೂನ ಹೋಗಿ ಲಗೂನ ಬರತೈತಿ. ಒಂದ ಸುತ್ತಿನ ಜಾಗದಾಗ ಎರಡು ಸುತ್ತು.”

ಹೇಳುವಾಗ ಹೆದರಿಕೆ ಇತ್ತು, ಇದೂ ತಪ್ಪಾದರೆ ಎಂದು. ಹುಡುಗಿ ವಹಿ ನೋಡಿದಳು, ಗೋಡೆ ನೋಡಿದಳು. ಹನ್ನೆರಡು ಟೈಲ್ಸಿನೊಳಗೆ ಎರಡು ಅಲೆ ಒತ್ತೊತ್ತಾಗಿ ಎಳೆದಳು. ಕೋಷ್ಟಕದ ಜೊತೆ ತಾಳೆ ನೋಡಿ, ತಲೆ ಆಡಿಸಿದಳು.

“ಒಳಗಿನ ಎರಡು ಅವಸರ, ಹೊರಗಿನ ಎರಡು ಎತ್ತರ. ಅಕ್ಕಾರು ಹಿಂಗ ಅಂತಿದ್ರು. ನಾ ಬರೇ ಬಾಯಿಪಾಠ ಮಾಡಿದ್ದೆ.”

ಮೇಲಿನ ಬಾಲ್ಕನಿಯಿಂದ ಮನೆಯೊಡತಿ ಕೊಂಕಣಿಯಲ್ಲಿ, ಏನಾಯಿತು, ಯಾಕೆ ಇಷ್ಟು ಹೊತ್ತು ಒಳಗೆ ನಿಂತಿದ್ದೀರಿ ಎಂದು ಕೇಳಿದಳು. ಲೆಕ್ಕ ಎಂದೆ. ಒಳ್ಳೆಯದು ಎಂದಳು.

ಮೂರು ವಾರ ಗೋಡೆ ದಿನವೂ ತುಂಬಿ ಖಾಲಿಯಾಯಿತು. ಕಾಸ್ ಬಂತು, ಟ್ಯಾನ್ ಬಂತು. ಟ್ಯಾನ್ ಗೆರೆ ಟೈಲ್ಸ್ ಮುಗಿದರೂ ನಿಲ್ಲದೆ ಸುಣ್ಣದ ಗೋಡೆಯ ಮೇಲೆ ಸ್ವಲ್ಪ ಹತ್ತಿತು. ಆ ಗುರುತು ಇನ್ನೂ ಇದೆ. ಪರೀಕ್ಷೆಯ ದಿನ ಬೆಳಿಗ್ಗೆ ಅವಳು ಬಂದು ಗೋಡೆಯ ಮುಂದೆ ಒಂದು ನಿಮಿಷ ನಿಂತು ಹೋದಳು. ಕುಂಡಯಿಯ ವ್ಯಾನ್ ಅದೇ ಹೊತ್ತಿಗೆ ಓಣಿಯ ಬಾಯಲ್ಲಿ ಹಾರ್ನ್ ಹಾಕುತ್ತಿತ್ತು. ಅವಳ ಅಕ್ಕ ಓಡುತ್ತಾ ಹೋಗಿ ಹತ್ತಿದಳು. ಇವಳು ಬಸ್ ನಿಲ್ದಾಣದ ಕಡೆ ನಡೆದಳು.

ಪಾಸಾದಳು. ಅಂಕ ಹೆಚ್ಚೇನೂ ಇರಲಿಲ್ಲ. ಅವಳ ತಂದೆ ಟೆಂಪೊ ನಮ್ಮ ಮನೆಯ ಮುಂದೆಯೇ ನಿಲ್ಲಿಸಿ ಇಳಿದು ಬಂದ. ನನ್ನ ಕೈ ಹಿಡಿದ. ವ್ಯಾನಿನವನಿಗೆ ಸೀಟು ಬೇಡ ಎಂದು ಹೇಳಿ ಬಂದೆ ಎಂದ.

ಈಗ ಅವಳು ಹನ್ನೆರಡನೆಯ ತರಗತಿ ಮುಗಿಸಿದ್ದಾಳೆ, ಜೂನ್‌ನಲ್ಲಿ ಕಾಲೇಜು. ಭಾನುವಾರ ಮುಂಜಾನೆ ಹತ್ತಕ್ಕೆ ನಮ್ಮ ಮನೆಗೆ ಬರುತ್ತಾಳೆ, ಅವಳ ಹಿಂದೆ ಓಣಿಯ ಮೂರು ಹುಡುಗಿಯರು ಬರುತ್ತಾರೆ. ನಾನು ಹೊರಗೆ ಮೆಟ್ಟಿಲ ಮೇಲೆ ಕೂರುತ್ತೇನೆ. ತಪ್ಪು ಗೆರೆ ಒರೆಸುವ ಸದ್ದು ಕೇಳುತ್ತಿರುತ್ತದೆ.

ವರ್ಷವಿಡೀ ಬರೆದು ಸಂದುಗಳೆಲ್ಲ ಮತ್ತೆ ಬೂದುಬಣ್ಣವಾಗಿವೆ. ಕೆಂಪು, ಹಸಿರು, ನೀಲಿ ಚುಕ್ಕೆ ತುಂಬಿವೆ. ಸೈನ್ ಎಕ್ಸ್ ಎಷ್ಟು ಸಲ ಎಳೆದರೂ ಅದೇ ಹದಿನಾರು ಜಾಗದ ಮೇಲೆ ಹೋಗುವುದರಿಂದ, ಅಲ್ಲಿ ಎಲ್ಲರ ಮಸಿಯೂ ಒಂದರ ಮೇಲೊಂದು ಕೂತು ಕಪ್ಪಾಗಿದೆ. ಯಾವುದು ನನ್ನ ಹೆಂಡತಿಯದು ಎಂದು ಈಗ ನಾನೂ ಹೇಳಲಾರೆ. ಹೋದ ವಾರ ಒಬ್ಬ ಹುಡುಗಿ ಯಾರದೋ ಹಳೆಯ ಚುಕ್ಕೆಯನ್ನು ತನ್ನದೆಂದು ತಿಳಿದು ಗೆರೆಯನ್ನು ಅಡ್ಡಾದಿಡ್ಡಿ ಎಳೆದಳು. ಉಳಿದವರು ನಕ್ಕರು, ಅವಳಿಗೆ ಕಣ್ಣಲ್ಲಿ ನೀರು ಬಂತು. ಪಾಠ ಮುಗಿದ ಮೇಲೆ, ಇವರಿಗೆ ಕಲಿಸುವ ಟೆಂಪೊ ಚಾಲಕನ ಮಗಳು ಹೊರಗೆ ಬಂದು ನನ್ನ ಪಕ್ಕ ನಿಂತಳು. ಕೇಳಲೋ ಬೇಡವೋ ಎಂದು ಹಿಂದೆಮುಂದೆ ನೋಡುವುದು ಗೊತ್ತಾಗುತ್ತಿತ್ತು.

“ಮೇ ತಿಂಗಳ ಬಂತಲ್ರಿ ಕಾಕಾ,” ಎಂದಳು.

ನಾನು ಹೂಂ ಎಂದೆ.

ವೈಟ್ ಸಿಮೆಂಟ್ ತಂದಿದ್ದೇನೆ. ಕೆರೆಯುವ ಕಬ್ಬಿಣವನ್ನು ಸಾಣೆ ಹಿಡಿದಿಟ್ಟಿದ್ದೇನೆ. ನಾಳೆ ಕೆಲಸಕ್ಕೆ ರಜೆ ಹೇಳಿದ್ದೇನೆ. ಅದಕ್ಕೂ ಮುಂಚೆ ಇದನ್ನು ಬರೆದಿಡಬೇಕು ಅನಿಸಿತು, ಬರೆದೆ. ಬೆಳಕು ಚೆನ್ನಾಗಿ ಬಂದ ಮೇಲೆ, ನಡುವಿನ ಸೊನ್ನೆಯ ಜಾಯಿಂಟಿನಿಂದ ಶುರು ಮಾಡಿ ಎರಡೂ ಕಡೆ ಕೆರೆಯುತ್ತಾ ಹೋಗುತ್ತೇನೆ. ತುಂಬಿದ್ದು ಒಣಗಲು ಎರಡು ದಿನ ಬೇಕು. ಭಾನುವಾರದ ಹೊತ್ತಿಗೆ ಗೋಡೆ ಬರೆಯಲು ತಯಾರಾಗಿರುತ್ತದೆ.